ಹೊಸ ಟೈರು ಹಿಂದಿನ ಚಕ್ರಕ್ಕೆ

ಸೈಕಲ್ಲಿನ ಹಿಂದಿನ ಚಕ್ರ ಜಾರುವುದಾದರೆ ಮೊದಲೇ ಒಂದು ಮಾತು ಹೇಳಿ ಜಾರುತ್ತದೆ. ಸೀಟಿನ ಕೆಳಗೆ ಏನೋ ಸರಿದಂತಾಗುತ್ತದೆ, ಅಷ್ಟರಲ್ಲಿ ನಾವು ಕಾಲು ಊರಿರುತ್ತೇವೆ. ಮುಂದಿನ ಚಕ್ರ ಹಾಗಲ್ಲ. ಅದು ಏನೂ ಹೇಳುವುದಿಲ್ಲ. ಹ್ಯಾಂಡಲ್ ಕೈಯಲ್ಲೇ ಇರುತ್ತದೆ, ಚಕ್ರ ಕೆಳಗಿನಿಂದ ಹೊರಟುಹೋಗಿರುತ್ತದೆ, ನಾವು ನೆಲದ ಮೇಲೆ ಬಿದ್ದಿರುತ್ತೇವೆ. ಇದನ್ನು ನಾನು ಕಲಿತದ್ದು ಚಿಕ್ಕಜಾಲದ ಆಚೆ ಒಂದು ಕೆರೆ ಏರಿಯ ಇಳಿಜಾರಿನಲ್ಲಿ, ನನ್ನ ಮೂವತ್ತನೆಯ ವಯಸ್ಸಿನಲ್ಲಿ. ಕಲಿತವಳು ನಾನು, ಅದಕ್ಕೆ ತೆತ್ತವಳು ಬೇರೊಬ್ಬಳು. ಅದನ್ನೇ ಬರೆಯುತ್ತಿದ್ದೇನೆ. ಓದಿದ ಮೇಲೆ ಯಾರೂ ನನಗೆ ಸಮಾಧಾನ ಹೇಳಲು ಬರಬೇಡಿ. ಬಂದವರನ್ನೆಲ್ಲ ಇಷ್ಟು ವರ್ಷ ಬೈದೇ ಕಳಿಸಿದ್ದೇನೆ.

ನಾನು ಹಳ್ಳಿ ನರ್ಸು. ತವರು ಧಾರವಾಡದ ಕಡೆ. ಟ್ರೇನಿಂಗ್ ಮುಗಿದು ಮದುವೆಯಾಯಿತು. ನಮ್ಮ ಮನೆಯವರಿಗೆ ಯಶವಂತಪುರದ ಫ್ಯಾಕ್ಟರಿಯೊಂದರಲ್ಲಿ ಲೇತ್ ಮೇಲೆ ಕೆಲಸ ಸಿಕ್ಕಿತು, ಯಲಹಂಕದ ಹಳೇ ಊರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನನ್ನನ್ನು ಹಾಕಿದ್ದು ಚಿಕ್ಕಜಾಲಕ್ಕೆ. ದೊಡ್ಡ ರಸ್ತೆಯ ಪಕ್ಕ ಒಂದು ಕೋಣೆ, ಅದಕ್ಕೊಂದು ಬೋರ್ಡು, ಒಳಗೆ ಒಂದು ಮೇಜು, ಏಳು ಹಳ್ಳಿಗಳ ಹೆಸರು ಬರೆದ ಒಂದು ರಿಜಿಸ್ಟರು. ಬೆಳಿಗ್ಗೆ ಬಸ್ಸಿನಲ್ಲಿ ಅಲ್ಲಿಗೆ ಹೋಗುವುದು, ಅಲ್ಲಿಂದ ಹಳ್ಳಿಗಳಿಗೆ ನಡೆಯುವುದು. ಎರಡು ವರ್ಷ ನಡೆದ ಮೇಲೆ ಮೇಲಿನ ಆಫೀಸಿನವರಿಗೆ ಏನು ಹೊಳೆಯಿತೋ, ಒಂದು ಸೈಕಲ್ ಕೊಟ್ಟರು. ಕಪ್ಪು ಬಣ್ಣದ ಲೇಡೀಸ್ ಸೈಕಲ್, ಬೆಲ್ ಇರಲಿಲ್ಲ. ನನಗೋ ಸೈಕಲ್ ಹತ್ತಲಿಕ್ಕೇ ಬರುತ್ತಿರಲಿಲ್ಲ.

ಇಪ್ಪತ್ತೆಂಟು ವರ್ಷದ ಹೆಂಗಸು ಸೀರೆ ಎತ್ತಿ ಕಟ್ಟಿ ಭಾನುವಾರ ಬೆಳಿಗ್ಗೆ ಬಯಲಿನಲ್ಲಿ ಸೈಕಲ್ ಕಲಿಯುತ್ತಾಳೆಂದರೆ ಓಣಿಯವರಿಗೆಲ್ಲ ಪುಕ್ಕಟೆ ನಾಟಕ. ನಲ್ಲಿಗೆ ಬಂದ ಹೆಂಗಸರು ಕೊಡ ಇಟ್ಟು ನಿಂತುಬಿಟ್ಟಿದ್ದರು. ನಮ್ಮ ಮನೆಯವರು ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದರು.

"ಮುಂದ ನೋಡು, ಚಕ್ರ ನೋಡಬ್ಯಾಡ."

ನಾನು ಚಕ್ರವನ್ನೇ ನೋಡುತ್ತಿದ್ದೆ. ಬಯಲಿನಲ್ಲಿ ಇದ್ದದ್ದು ಒಂದೇ ಹುಣಸೆ ಮರ. ಅದಕ್ಕೆ ಹೋಗಿ ಹೊಡೆಯಬಾರದು ಎಂದು ಅದನ್ನೇ ನೋಡಿದೆ, ನೆಟ್ಟಗೆ ಹೋಗಿ ಅದಕ್ಕೇ ಹೊಡೆದೆ. "ಇಷ್ಟು ದೊಡ್ಡ ಬಯಲು ಬಿಟ್ಟು ಅಲ್ಲಿಗೇ ಹೋಗಬೇಕಂದ್ರ ಭಾಳ ಜಾಣತನ ಬೇಕಾಗ್ತದ" ಎಂದು ಅವರು ನಕ್ಕರು. ಒಂದು ತಿಂಗಳಲ್ಲಿ ಕಲಿತೆ. ಕಲಿತೆ ಎಂದರೆ, ಬೀಳದೆ ಹೋಗುವುದನ್ನು ಕಲಿತೆ. ಸೈಕಲ್ಲನ್ನು ನಡೆಸುವುದು ಬೇರೆ ಎಂದು ಆಗ ಗೊತ್ತಿರಲಿಲ್ಲ.

ಏಳು ಹಳ್ಳಿಗಳಲ್ಲಿ ನಾಲ್ಕು ಮೈಲಿ ದೂರದ್ದು ಬಂಡೆ ಒಡೆಯುವವರ ಊರು. ಗಂಡಸರು ಹೆಂಗಸರು ಎಲ್ಲ ಕ್ವಾರಿಯಲ್ಲಿ ಕೆಲಸ ಮಾಡುವವರು. ಸೈಕಲ್ ಬಂದ ಮೇಲೆ ನಾನು ಮೊದಲ ಸಲ ಅಲ್ಲಿಗೆ ಹೋದಾಗ ಊರಿಗೆ ಊರೇ ಖಾಲಿ. ನರ್ಸು ಬಂದಳೆಂದರೆ ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ಹಿಡಿದುಕೊಂಡು ಹೋಗಲು ಬಂದಳು ಎಂದು ಆಗಿನ ನಂಬಿಕೆ. ಅವರದೇನೂ ತಪ್ಪಿಲ್ಲ, ಹಿಂದೆ ಹಾಗೆ ಆಗಿತ್ತು. ಮುದುಕಿಯೊಬ್ಬಳು ಬಾಗಿಲಲ್ಲಿ ಕೂತು, "ಯಾರೂ ಇಲ್ಲ, ಓಗವ್ವ" ಎಂದಳು. ಅವಳ ಬೆನ್ನ ಹಿಂದೆ ಕತ್ತಲಲ್ಲಿ ಮೂರು ಜನ ಉಸಿರು ಬಿಗಿಹಿಡಿದು ನಿಂತಿದ್ದು ನನಗೆ ಕಾಣುತ್ತಿತ್ತು. ಹೀಗೇ ಎಂಟು ತಿಂಗಳು ಹೋಯಿತು.

ಒಂದು ಮಧ್ಯಾಹ್ನ ಆ ಊರಿಗೆ ಹೋದಾಗ ಒಂದು ಮನೆಯಿಂದ ಹೆರಿಗೆ ನೋವಿನ ಕೂಗು ಕೇಳಿ ಒಳಗೆ ನುಗ್ಗಿದೆ. ಯಾರನ್ನೂ ಕೇಳಲಿಲ್ಲ. ಮಗು ಹೊರಗೆ ಬಂತು, ನೀಲಿಯಾಗಿತ್ತು, ಅಳಲಿಲ್ಲ. ನನ್ನ ಕಿಟ್ಟಿನಲ್ಲಿ ಒಂದು ರಬ್ಬರ್ ನಳಿಗೆ ಇತ್ತು, ಮಧ್ಯದಲ್ಲಿ ಗಾಜಿನ ಸಣ್ಣ ಬುರುಡೆ ಇರುವಂಥದು. ಒಂದು ತುದಿಯನ್ನು ಮಗುವಿನ ಗಂಟಲಿಗೆ ಬಿಟ್ಟು ಇನ್ನೊಂದು ತುದಿಯನ್ನು ನಾವು ಬಾಯಿಂದ ಎಳೆಯಬೇಕು, ಲೋಳೆಯೆಲ್ಲ ಬುರುಡೆಗೆ ಬರುತ್ತದೆ. ಎಳೆದೆ. ಎರಡು ಸಲ, ಮೂರು ಸಲ. ಮಗು ಅತ್ತಿತು.

ಅವತ್ತು ಬಿಸಿನೀರಿನ ಪಾತ್ರೆ ಹಿಡಿದು ನನ್ನ ಪಕ್ಕದಲ್ಲಿ ನಿಂತಿದ್ದವಳು ಆ ಮನೆಯ ಪಕ್ಕದ ಮನೆಯವಳು. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು, ಕಲ್ಲು ಹೊತ್ತು ಗಟ್ಟಿಯಾದ ಕುತ್ತಿಗೆ, ಮಾತು ಕಡಿಮೆ. ಎಲ್ಲ ಮುಗಿದ ಮೇಲೆ ಆ ನಳಿಗೆಯನ್ನು ತೊಳೆದು ಕೊಟ್ಟಳು. ಕೊಡುವ ಮುಂಚೆ ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ನಂಗೆ ಎರಡು ಉಟ್ಟಿದ್ವು ಅಕ್ಕಾ. ಎರಡೂ ಇಂಗೇ. ಅಳ್ಲೇ ಇಲ್ಲ. ಇದು ಇದ್ದಿದ್ರೆ ಅಳ್ತಿದ್ವಾ?"

ನನಗೇನು ಗೊತ್ತು? ನಾನು ಅಲ್ಲಿರಲಿಲ್ಲ. ಗೊತ್ತಿಲ್ಲ ಎಂದು ಹೇಳಬೇಕಾಗಿತ್ತು. ಆದರೆ ಎಂಟು ತಿಂಗಳ ಮೇಲೆ ಒಬ್ಬಳು ನನ್ನ ಮುಖ ನೋಡಿ ಮಾತಾಡಿದ್ದಳು, ಗೆದ್ದ ಅಮಲು ಬೇರೆ. "ಅಳತಿದ್ದವು" ಎಂದುಬಿಟ್ಟೆ.

ಮರುವರ್ಷ ಅವಳಿಗೆ ಮತ್ತೆ ದಿನ ತುಂಬುತ್ತಾ ಬಂತು. ಹತ್ತು ದಿನ ಮುಂಚೆಯೇ ಸಿಟಿಯ ದೊಡ್ಡಾಸ್ಪತ್ರೆಗೆ ಹೋಗಿ ಇರು ಎಂದು ನಾನು ಹೇಳಿದೆ, ಬೇಡಿಕೊಂಡೆ, ಕೊನೆಗೆ ಗದರಿಸಿದೆ. ಅವಳು ಒಪ್ಪಲಿಲ್ಲ. ಎರಡನೆಯದಕ್ಕೆ ಹೋಗಿದ್ದಳಂತೆ, ಇನ್ನೂ ಟೈಮಿದೆ ಎಂದು ವಾಪಸು ಕಳಿಸಿದ್ದರಂತೆ, ಬಸ್ಸಿನಿಂದ ಇಳಿದು ಮನೆಗೆ ನಡೆದು ಬರುವಾಗಲೇ ನೋವು ಕಾಣಿಸಿಕೊಂಡಿತ್ತಂತೆ. "ನೀನ್ ಬತ್ತೀಯಲ್ಲಾ? ನೀನಿದ್ರೆ ಸಾಕು ಕಣಕ್ಕ" ಎಂದಳು. ಅಲ್ಲಿಂದ ಮುಂದೆ ನಾನು ಊರಿಗೆ ಹೋದಾಗಲೆಲ್ಲ ಹೊರಡುವ ಹೊತ್ತಿಗೆ ಬಾಗಿಲಿಗೆ ಬಂದು ಅದೊಂದೇ ಮಾತು ಕೇಳುತ್ತಿದ್ದಳು. ಬತ್ತೀಯಲ್ಲಾ? ನಾನು, ಬರ್ತೀನವಾ, ಬರದೆ ಎಲ್ಲಿ ಹೋಗಲಿ, ಎನ್ನುತ್ತಿದ್ದೆ.

ಈಗ ಸೈಕಲ್ಲಿಗೆ ಬರುತ್ತೇನೆ. ಆ ಊರಿಗೆ ಹೋಗುವ ದಾರಿ ಕೆರೆ ಏರಿಯ ಮೇಲೆ ಹಾದು, ಏರಿ ಮುಗಿದಲ್ಲಿ ಇಳಿಯುತ್ತಾ ಎಡಕ್ಕೆ ತಿರುಗುತ್ತದೆ. ಕ್ವಾರಿಯ ಲಾರಿಗಳು ಆ ತಿರುವಿನಲ್ಲೇ ಗೇರ್ ಬದಲಿಸಿ ಕುಲುಕಾಡಿಕೊಂಡು ಹತ್ತುತ್ತಿದ್ದವು. ಅಲ್ಲಿ ಸಣ್ಣ ಜಲ್ಲಿ ಉದುರಿ, ಅಂಗಳದಲ್ಲಿ ಒಣಹಾಕಿದ ಹುರುಳಿಯ ಹಾಗೆ ಹರಡಿರುತ್ತಿತ್ತು. ಆ ತಿರುವಿನಲ್ಲಿ ಒಂದೇ ವರ್ಷದಲ್ಲಿ ನಾನು ಮೂರು ಸಲ ಬಿದ್ದೆ. ಮೂರು ಸಲವೂ ಮುಂದಿನ ಚಕ್ರವೇ. ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಚಕ್ರ ತಿರುಗುತ್ತಿತ್ತು, ಸೈಕಲ್ ಮಾತ್ರ ತಿರುಗದೆ ನೆಟ್ಟಗೆ ಹೋಗುತ್ತಿತ್ತು. ಮೂರನೆಯ ಸಲ ಮೊಣಕೈ ಕಿತ್ತುಹೋದ ಮೇಲೆ ಆ ತಿರುವು ಬಂದರೆ ಇಳಿದು ತಳ್ಳಿಕೊಂಡು ಹೋಗುವ ಅಭ್ಯಾಸ ಮಾಡಿಕೊಂಡೆ.

ನನ್ನ ಕೋಣೆಯ ಹತ್ತಿರ ಹೊಂಗೆ ಮರದ ಕೆಳಗೆ ಒಬ್ಬ ಸಾಬರು ಸೈಕಲ್ ರಿಪೇರಿ ಮಾಡುತ್ತಿದ್ದರು. ಬಿಳಿ ಗಡ್ಡ, ಕಿವಿಯಲ್ಲಿ ಬೀಡಿ. ಮನೆಯಲ್ಲಿ ಅವರದು ಉರ್ದು, ನಮ್ಮ ಹತ್ತಿರ ಬೆಂಗಳೂರು ಕನ್ನಡ. ಸೈಕಲ್ಲಿನ ವಿಷಯದಲ್ಲಿ ಯಾರ ಮುಖವನ್ನೂ ನೋಡದೆ ಮಾತಾಡುವ ಮನುಷ್ಯ.

"ಸಿಸ್ಟರ್, ಹ್ಯಾಂಡಲ್ ಲೂಸ್ ಆಗಿದೆ, ಅದನ್ನ ಟೈಟ್ ಮಾಡ್ತೀನಿ, ಬಾಲ್ಸ್ ಹೊಸದು ಹಾಕ್ತೀನಿ. ಆದ್ರೆ ನೀವು ಬೀಳೋದು ಅದಕ್ಕಲ್ಲ. ಇಷ್ಟು ಭಾರ ಹಿಂದೆ ಕಟ್ಕೊಂಡ್ರೆ ಮುಂದೆ ಚಕ್ರ ನೆಲ ಮುಟ್ಟುತ್ತಾ? ಮುಟ್ಟಿದ್ರೂ ನೆಪಕ್ಕೆ ಮುಟ್ಟುತ್ತೆ."

ಭಾರ ಎಂದರೆ ನನ್ನ ಕಿಟ್ಟು. ಕಬ್ಬಿಣದ ಡಬ್ಬಿ, ಅದರಲ್ಲಿ ಕತ್ತರಿ, ಬಟ್ಟಲು, ಔಷಧಿ, ಆ ನಳಿಗೆ, ಅದರ ಮೇಲೆ ರಿಜಿಸ್ಟರು. ಹಳೇ ಟ್ಯೂಬಿನಿಂದ ಕ್ಯಾರಿಯರ್ ಮೇಲೆ ಬಿಗಿದಿದ್ದೆ. ಅದನ್ನು ಹ್ಯಾಂಡಲಿನ ಮುಂದೆ ಒಂದು ಕಬ್ಬಿಣದ ಸ್ಟ್ಯಾಂಡ್ ಮಾಡಿ ಇಡಬೇಕು, ಸೀಟು ಎರಡು ಬೆರಳು ಮುಂದಕ್ಕೆ ಸರಿಸಬೇಕು, ಗಾಳಿ ಕಡಿಮೆ ಮಾಡಬೇಕು ಎಂದು ಅವರು ಹೇಳಿದರು. ನಾನು ಚಕ್ರಕ್ಕೆ ಕಲ್ಲಿನ ಹಾಗೆ ಗಾಳಿ ಹೊಡೆಸುತ್ತಿದ್ದೆ, ಗಟ್ಟಿ ಇದ್ದರೆ ಹಗುರವಾಗಿ ಓಡುತ್ತದೆ ಎಂದು. ಮುಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಸವರಿ ನೋಡಿ, "ಇದು ಬೋಳು ತಲೆ. ಇದ್ರಲ್ಲಿ ಹಿಡಿಯೋಕೆ ಏನಿದೆ?" ಎಂದರು. ಎಲ್ಲಕ್ಕೂ ಆಯಿತು ನೋಡೋಣ ಎಂದೆ. ಯಾವುದನ್ನೂ ಮಾಡಿಸಲಿಲ್ಲ. ಡಬ್ಬಿ ಮುಂದಿಟ್ಟುಕೊಂಡರೆ ಹಾಲು ಮಾರುವವಳ ಹಾಗೆ ಕಾಣುತ್ತೇನೆ ಎಂದು ನಾಚಿಕೆ. ಹೌದು, ಅಷ್ಟೇ ಕಾರಣ. ಬರೆದರೆ ಎಲ್ಲ ಬರೆಯಬೇಕು.

ಅವಳ ಹೆರಿಗೆಗೆ ಇನ್ನೊಂದು ತಿಂಗಳಿರುವಾಗ ಮೇಲಿನ ಆಫೀಸಿನಿಂದ ಒಂದು ಹೊಸ ಟೈರು ಬಂತು. ಎರಡು ಬೇಕೆಂದು ಬರೆದಿದ್ದೆ. ಬಂದದ್ದು ಒಂದು. ಒಂದಾದರೂ ಬಂತಲ್ಲ ಎಂದು ಹಿಗ್ಗಿದೆ. ಕಾಗದ ಸುತ್ತಿದ ಟೈರು, ಗೆರೆಗೆರೆ ಎದ್ದು ಕಾಣುತ್ತಿತ್ತು, ಬೆರಳಾಡಿಸಿದರೆ ಗರಗಸದ ಹಾಗಿತ್ತು. ಭುಜಕ್ಕೆ ಹಾಕಿಕೊಂಡು ಸಾಬರ ಹತ್ತಿರ ಹೋದೆ.

"ಮುಂದಕ್ಕೆ ಹಾಕ್ತೀನಿ" ಎಂದರು ಅವರು, ಸೈಕಲ್ಲನ್ನು ತಲೆಕೆಳಗು ಮಾಡುತ್ತಾ.

"ಅಲ್ರೀ ಸಾಬರ, ಹಿಂದಕ್ಕ ಹಾಕ್ರಿ."

ನಮ್ಮ ತವರಿನಲ್ಲಿ ಅಪ್ಪನ ಸೈಕಲ್ಲಿಗೆ ಅದೇ ನಿಯಮ. ಹೊಸ ಟೈರು ತಂದರೆ ಹಿಂದಕ್ಕೆ. ಹಿಂದೆ ಸವೆದದ್ದನ್ನು ಬಿಚ್ಚಿ ಮುಂದಕ್ಕೆ. ಮುಂದಿನದು ಬಾವಿಕಟ್ಟೆಯ ಬಳಿ ಹುಡುಗರ ಆಟಕ್ಕೆ. ಹಿಂದೆ ತಾನೆ ಭಾರ ಇರುವುದು, ಹಿಂದೆ ತಾನೆ ಸವೆಯುವುದು. ಮುಂದಿನ ಚಕ್ರಕ್ಕೇನು ಕೆಲಸ, ಸುಮ್ಮನೆ ಉರುಳಿಕೊಂಡು ಹೋಗುತ್ತದೆ. ನಮ್ಮ ಊರಿನಲ್ಲಿ ಹೊಸ ಟೈರನ್ನು ಮುಂದಕ್ಕೆ ಹಾಕಿದವನನ್ನು ನಾನು ನೋಡಿಯೇ ಇರಲಿಲ್ಲ. ಹಿಂದಿನ ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯವರನ್ನೂ ಕೇಳಿದ್ದೆ. ದಿನವಿಡೀ ಲೇತಿನ ಮುಂದೆ ನಿಲ್ಲುವವರು, ಕಬ್ಬಿಣ ಅರಿತವರು. "ಎಲ್ಲಿ ಭಾರ ಅದ ಅಲ್ಲಿ ಹೊಸಾದು ಹಾಕಬೇಕು. ಇದರಾಗ ಕೇಳೂದೇನದ" ಎಂದಿದ್ದರು.

ಸಾಬರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು.

"ಸಿಸ್ಟರ್, ನಾನ್ ಹೇಳೋದ್ ಕೇಳಿ. ಹಿಂದಿನ ಟೈರ್ ಜಾರಿದ್ರೆ ಕಾಲು ಊರಬಹುದು. ಮುಂದಿಂದು ಜಾರಿದ್ರೆ ಕಾಲು ಊರೋಕೂ ಟೈಮ್ ಸಿಗಲ್ಲ. ನೀವ್ ಬೀಳ್ತಿರೋದೇ ಮುಂದಿಂದ್ರಿಂದ. ಅದಕ್ಕೆ ಹಿಂದಕ್ಕೆ ಔಷಧಿ ಹಚ್ತೀರಾ?"

ಎಂಥ ಸರಿಯಾದ ಮಾತು. ಈಗ ಬರೆಯುವಾಗಲೂ ಅದರಲ್ಲಿ ಒಂದು ಅಕ್ಷರ ತಪ್ಪು ಕಾಣುವುದಿಲ್ಲ. ಆದರೆ ನನಗೆ ಆಗ ಸಿಟ್ಟು ಬಂತು. ನಾನು ಓದಿದವಳು, ಸರ್ಕಾರದ ಕೆಲಸದವಳು, ನನ್ನ ಅಪ್ಪ ನಲವತ್ತು ವರ್ಷ ಸೈಕಲ್ ತುಳಿದವನು. ಹೊಂಗೆ ಮರದ ಕೆಳಗಿನ ಈ ಮುದುಕ ನನಗೆ ಔಷಧಿಯ ಮಾತು ಹೇಳುತ್ತಾನೆಯೇ ಎನ್ನಿಸಿತು.

"ಟೈರ್ ನಂದ್ರೀ. ಹಿಂದಕ್ಕ ಹಾಕ್ರಿ" ಎಂದೆ.

ಅವರು ಸ್ಪ್ಯಾನರ್ ಎತ್ತಿಕೊಂಡರು. ಹೊಸದನ್ನು ಹಿಂದಕ್ಕೆ ಹಾಕಿದರು. ಹಿಂದೆ ಸವೆದಿದ್ದನ್ನು, ನಿಯಮದ ಪ್ರಕಾರ, ಮುಂದಕ್ಕೆ ಹಾಕಿದರು. ಅದು ಮೊದಲಿನದಕ್ಕಿಂತ ಏನೂ ಉತ್ತಮ ಇರಲಿಲ್ಲ. ನಾನು ಹತ್ತಿ ಹೊರಟೆ. ಹಿಂದಿನಿಂದ ಹೊಸ ಟೈರಿನ ಜುಂಯ್ ಎನ್ನುವ ಸದ್ದು ಬರುತ್ತಿತ್ತು. ಹೊಸ ಸೈಕಲ್ಲೇ ಸಿಕ್ಕಂತೆ ಖುಷಿಯಾಗಿತ್ತು, ಹಾಳು ಖುಷಿ.

ತಿಂಗಳಾದ ಮೇಲೆ ಒಂದು ಗುರುವಾರ. ಬೆಳಿಗ್ಗೆ ಒಂಬತ್ತೂವರೆ ಇರಬೇಕು, ಆಗಷ್ಟೇ ಬಸ್ಸಿಳಿದು ಕೋಣೆಯ ಬಾಗಿಲು ತೆಗೆದಿದ್ದೆ. ಕಲ್ಲು ತುಂಬಿದ ಲಾರಿಯೊಂದು ಸಿಟಿಯ ಕಡೆಗೆ ಹೋಗುವುದು ನಿಂತಿತು. ಡ್ರೈವರು ಇಳಿಯದೆಯೇ ಕಿಟಕಿಯಿಂದ ಬಗ್ಗಿ ಹೇಳಿದ.

"ನರ್ಸಮ್ಮ, ನಿಮ್ಮ ಆ ಯಮ್ಮಂಗೆ ನೋವು ಬಂದೈತಂತೆ. ಬೇಗ ಬರಬೇಕಂತೆ."

ಅವಳಿಗೆ ನಾನು ಹೇಳಿಟ್ಟಿದ್ದೆ, ನೋವು ಬಂದ ತಕ್ಷಣ ಮೊದಲು ಸಿಕ್ಕ ಲಾರಿಯಲ್ಲಿ ಹೇಳಿಕಳಿಸು ಎಂದು. ಅವಳು ಹೇಳಿದಂತೆ ಮಾಡಿದ್ದಳು. ನಾನು ಕಿಟ್ಟು ಕ್ಯಾರಿಯರಿಗೆ ಬಿಗಿದು ಹೊರಟೆ. ನಾಲ್ಕು ಮೈಲಿ, ಮುಕ್ಕಾಲು ಗಂಟೆಯ ದಾರಿ, ಅವತ್ತು ಅರ್ಧ ಗಂಟೆಯಲ್ಲಿ ಮುಟ್ಟಬೇಕೆಂದು ತುಳಿದೆ. ಬಿಸಿಲು ಆಗಲೇ ಏರಿತ್ತು. ಏರಿಯ ಮೇಲೆ ಬಂದಾಗ ಕೆರೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದವನು, "ಯಾಕಮ್ಮ ಇಷ್ಟು ಜೋರು" ಎಂದು ಕೇಳಿದ. ತುಳಿಯುತ್ತಲೇ ಇದ್ದೆ.

ತಿರುವು ಬಂತು. ಅಲ್ಲಿ ನಾನು ಇಳಿಯಬೇಕು. ಆರು ತಿಂಗಳಿನಿಂದ ತಪ್ಪದೆ ಇಳಿದಿದ್ದೇನೆ. ಇಳಿದು ತಳ್ಳಿಕೊಂಡು ಹೋದರೆ ಎರಡು ನಿಮಿಷ ಹೆಚ್ಚು, ಅಷ್ಟೇ. ಅವತ್ತು ಇಳಿಯಲಿಲ್ಲ. ಹೊಸ ಟೈರು ಇದೆಯಲ್ಲ, ಹಿಡಿಯುತ್ತದೆ, ಎಂದುಕೊಂಡದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಇಳಿಜಾರಿಗೆ ವೇಗ ಬಂತು. ಜಲ್ಲಿ ಕಂಡಿತು. ಹೆದರಿ ಜಲ್ಲಿಯನ್ನೇ ನೋಡಿದೆ, ತಿರುವಿನ ಮಧ್ಯದಲ್ಲಿ ಮುಂದಿನ ಬ್ರೇಕ್ ಹಿಡಿದೆ.

ಕಣ್ಣು ಬಿಟ್ಟಾಗ ಎಡಗೈ ನನ್ನ ಮೈಯ ಕೆಳಗಿತ್ತು. ಮಣಿಕಟ್ಟು ಅಡ್ಡ ತಿರುಗಿತ್ತು. ನೋವು ಆಮೇಲೆ ಬಂತು. ಮೊದಲು ಕಂಡದ್ದು ಡಬ್ಬಿ. ಮುಚ್ಚಳ ತೆರೆದು, ಕತ್ತರಿ, ಬಟ್ಟಲು, ಬಟ್ಟೆ, ಎಲ್ಲ ಜಲ್ಲಿಯ ಮೇಲೆ ಹರಡಿದ್ದವು. ಸೈಕಲ್ಲಿನ ಮುಂದಿನ ಚಕ್ರ ಬಾಗಿ ಫೋರ್ಕಿಗೆ ಸಿಕ್ಕಿಕೊಂಡಿತ್ತು, ಉರುಳುವಂತಿರಲಿಲ್ಲ. ಹಿಂದಿನ ಚಕ್ರಕ್ಕೆ ಏನೂ ಆಗಿರಲಿಲ್ಲ. ಹೊಸ ಟೈರು ಗಾಳಿಯಲ್ಲಿ ಮೆಲ್ಲಗೆ ಸುತ್ತುತ್ತಾ ಇತ್ತು.

ಬಲಗೈಯಲ್ಲಿ ಎಲ್ಲ ಹೆಕ್ಕಿದೆ. ನಳಿಗೆ ದೂರ ಬಿದ್ದಿತ್ತು, ಹುಡುಕಬೇಕಾಯಿತು. ಗಾಜಿನ ಬುರುಡೆ ಒಡೆದಿರಲಿಲ್ಲ. ಡಬ್ಬಿಯನ್ನು ಸೊಂಟಕ್ಕೆ ಏರಿಸಿಕೊಂಡು ಉಳಿದ ಒಂದೂವರೆ ಮೈಲಿ ನಡೆದೆ. ಓಡಿದೆ ಎಂದು ಬರೆಯಲು ಆಸೆಯಾಗುತ್ತದೆ. ಓಡಲಾಗಲಿಲ್ಲ. ನಾಲ್ಕು ಹೆಜ್ಜೆ ಓಡಿದರೆ ಕೈಯ ನೋವಿಗೆ ಕಣ್ಣು ಕತ್ತಲಿಡುತ್ತಿತ್ತು. ದಾರಿಯಲ್ಲಿ ಎದುರಿಗೆ ಯಾರೂ ಬರಲಿಲ್ಲ, ಹಿಂದಿನಿಂದ ಲಾರಿಯೂ ಬರಲಿಲ್ಲ. ದೇವರೇ, ಸ್ವಲ್ಪ ತಡೆ, ಸ್ವಲ್ಪ ತಡೆ, ಎಂದು ಗೊಣಗುತ್ತಾ ನಡೆದೆ. ಹೆರಿಗೆ ಮಾಡಿಸುವವಳೇ ಹೆರಿಗೆ ತಡವಾಗಲಿ ಎಂದು ಬೇಡಿಕೊಂಡದ್ದು ಅವತ್ತೇ.

ಊರು ಸೇರಿದಾಗ ಅವಳ ಮನೆಯ ಮುಂದೆ ಹೆಂಗಸರು ನಿಂತಿದ್ದರು. ಸುಮ್ಮನೆ ನಿಂತಿದ್ದರು. ಅದನ್ನು ನೋಡಿದರೇ ಗೊತ್ತಾಗುತ್ತದೆ. ಒಳಗೆ ಅವಳ ಅತ್ತೆ ಮಗುವನ್ನು ಹಳೇ ಸೀರೆಯ ಮೇಲೆ ಮಲಗಿಸಿ ಬೆನ್ನು ತಿಕ್ಕುತ್ತಿದ್ದಳು. ಹೆಣ್ಣು ಮಗು, ತುಂಬಿದ ಮೈ, ತಲೆ ತುಂಬ ಕೂದಲು. "ಈಗ್ಲೇ ಆಯ್ತು. ಒಲೆ ಮೇಲೆ ನೀರು ಕಾಯಾಷ್ಟು ಒತ್ತಾಯ್ತು" ಎಂದಳು ಅತ್ತೆ. ನಳಿಗೆ ಹಾಕಿದೆ, ಎಳೆದೆ. ಲೋಳೆ ಬಂತು. ಬುರುಡೆ ತುಂಬ ಬಂತು. ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟೆ. ಬಿಸಿನೀರು, ತಣ್ಣೀರು, ಅಂಗಾಲಿಗೆ ಏಟು, ಕಲಿಸಿದ್ದನ್ನೆಲ್ಲ ಮಾಡಿದೆ, ಒಂದೇ ಕೈಯಲ್ಲಿ. ಎಷ್ಟು ಹೊತ್ತು ಮಾಡಿದೆನೋ ಗೊತ್ತಿಲ್ಲ. ಕೊನೆಗೆ ಆ ಮುದುಕಿ ನನ್ನ ಬಲಗೈಯನ್ನು ಹಿಡಿದು ಪಕ್ಕಕ್ಕಿಟ್ಟಳು.

"ಸಾಕು ಬುಡವ್ವ. ಅದಕ್ಕೆ ನೋವು ಮಾಡ್ಬೇಡ."

ಆಗ ಅವಳ ಕಡೆ ನೋಡಿದೆ. ಗೋಡೆಗೆ ತಲೆ ಆನಿಸಿ ಮಲಗಿದ್ದಳು. ಮಗುವನ್ನು ನೋಡುತ್ತಿರಲಿಲ್ಲ. ನನ್ನ ಕೈಯನ್ನು ನೋಡುತ್ತಿದ್ದಳು.

"ಬಿದ್ಯಾ ಅಕ್ಕಾ? ರಕ್ತ ಬತ್ತಾ ಐತೆ ನೋಡು."

"ಸೈಕಲ್ ಜಾರ್ತು" ಎಂದೆ. ಅಷ್ಟೇ ಹೇಳಿದೆ.

ಅಳಬೇಕಾದವಳು ಅವಳು. ಅತ್ತವಳು ನಾನು. ಅವಳ ಅತ್ತೆ ನನ್ನ ಕೈಗೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದಳು. ಊರಿನವರೆಲ್ಲ ಸೇರಿ ಲಾರಿಗಳನ್ನು ಬೈದರು, ರಸ್ತೆಯನ್ನು ಬೈದರು, ಅವಳ ಹಣೆಬರಹವನ್ನು ಬೈದರು. ನನ್ನನ್ನು ಒಬ್ಬರೂ ಬೈಯಲಿಲ್ಲ. ಸಂಜೆ ಅದೇ ಲಾರಿ ವಾಪಸು ಬಂದು ನನ್ನನ್ನೂ ಮುರಿದ ಸೈಕಲ್ಲನ್ನೂ ಚಿಕ್ಕಜಾಲಕ್ಕೆ ಇಳಿಸಿತು. ಮನೆಯಲ್ಲಿ ನಮ್ಮ ಮನೆಯವರು ಎಲ್ಲ ಕೇಳಿ, "ನಾನು ಹೇಳಬಾರದಿತ್ತು" ಎಂದರು. ನೀವು ಹೇಳಿದ್ದಕ್ಕಲ್ಲ, ನಾನೇ ಮಾಡಿಸಿದ್ದು, ಎಂದು ಅವರ ಮೇಲೂ ಹರಿಹಾಯ್ದೆ. ನನ್ನ ತಪ್ಪಿನಲ್ಲಿ ಯಾರಿಗೂ ಪಾಲು ಕೊಡಲು ನನಗೆ ಇಷ್ಟವಿರಲಿಲ್ಲ.

ಆರು ವಾರ ಕೈಗೆ ಕಟ್ಟು. ಕಟ್ಟು ಬಿಚ್ಚಿಸಿಕೊಂಡು ಕೆಲಸಕ್ಕೆ ಹೋದ ದಿನ ಸಾಬರ ಮರದ ಕೆಳಗೆ ಸೈಕಲ್ ನಿಂತಿತ್ತು. ಬಾಗಿದ ಚಕ್ರ ನೆಟ್ಟಗಾಗಿತ್ತು. ಹೊಸ ಟೈರು ಮುಂದಿತ್ತು. ಹ್ಯಾಂಡಲಿನ ಮುಂದೆ ಕಬ್ಬಿಣದ ಸರಳು ಬಗ್ಗಿಸಿ ಸ್ಟ್ಯಾಂಡ್ ಮಾಡಿದ್ದರು, ನನ್ನ ಡಬ್ಬಿ ಅದರಲ್ಲಿ ಅಳತೆ ತೆಗೆದಂತೆ ಕೂತಿತು. ನಾನು ಏನೂ ಹೇಳಿರಲಿಲ್ಲ. ಅವರಿಗೆ ಊರಿನ ಸುದ್ದಿ ತಿಳಿದಿತ್ತು. ಒಂದು ಮಾತಾದರೂ ಆಡಲಿ, ಅವತ್ತೇ ಹೇಳಿದ್ದೆನಲ್ಲ ಎಂದು ಬೈಯಲಿ, ಎಂದು ನಾನು ನಿಂತೇ ಇದ್ದೆ. ಅವರು ಮುಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದರು.

"ಇಷ್ಟು ಮೆತ್ತಗಿರಲಿ, ಹೆಚ್ಚು ಗಾಳಿ ಬೇಡ. ತಿರುವಿಗೆ ಮುಂಚೆ ಬ್ರೇಕ್ ಹಿಡೀರಿ, ತಿರುವಲ್ಲಿ ಬಿಡಿ. ಮೈ ಸ್ವಲ್ಪ ಮುಂದಕ್ಕೆ ಬಗ್ಗಿರಲಿ. ಕಣ್ಣು ಜಲ್ಲಿ ಮೇಲೆ ಬೇಡ, ದಾರಿ ಎಲ್ಲಿಗೆ ಹೋಗುತ್ತೋ ಅಲ್ಲಿರಲಿ."

ಅವತ್ತು ಆ ತಿರುವಿನಲ್ಲಿ ನಾನು ಇಳಿಯಲಿಲ್ಲ. ಬಿದ್ದು ಸತ್ತರೂ ಸರಿ ಎಂದುಕೊಂಡು ಹೋದೆ. ಮೊದಲೇ ಬ್ರೇಕ್ ಹಿಡಿದೆ, ಬಿಟ್ಟೆ, ಮುಂದಕ್ಕೆ ಬಗ್ಗಿದೆ. ಜಲ್ಲಿ ಅಷ್ಟೇ ಇತ್ತು, ಇಳಿಜಾರು ಅಷ್ಟೇ ಇತ್ತು. ಮುಂದಿನ ಚಕ್ರ ಜಲ್ಲಿಯನ್ನು ಕರಕರ ಎಂದು ಕಚ್ಚಿ ಹಿಡಿಯುತ್ತಾ ನಾನು ತಿರುಗಿಸಿದ ಕಡೆಗೆ ತಿರುಗಿತು. ಎಷ್ಟು ಸುಲಭ. ಇಷ್ಟೇನಾ, ಎಂದು ಬಾಯಿಬಿಟ್ಟು ಹೇಳಿಕೊಂಡೆ. ಕೆಳಗೆ ಬಂದು ಸೈಕಲ್ ನಿಲ್ಲಿಸಿ ಏರಿಯ ಕಲ್ಲಿನ ಮೇಲೆ ಕೂತು ಅತ್ತೆ. ಸೈಕಲ್ ಜಾರಲಿಲ್ಲ ಎಂದು ಅತ್ತವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಬಿದ್ದಿದ್ದರೆ ನನ್ನ ಮೇಲೆ ನನಗೆ ಕರುಣೆಯಾದರೂ ಬರುತ್ತಿತ್ತು.

ಆಮೇಲೆ ನಾಲ್ಕೈದು ವರ್ಷ ಆ ದಾರಿಯಲ್ಲಿ ಓಡಾಡಿದೆ. ಒಮ್ಮೆಯೂ ಬೀಳಲಿಲ್ಲ. ಅವಳಿಗೆ ಆಮೇಲೆ ಗರ್ಭ ನಿಲ್ಲಲಿಲ್ಲ. ಆದರೆ ಅವಳು ನನ್ನ ಕಥೆಯನ್ನು ಊರಿಂದೂರಿಗೆ ಹೇಳಿದಳು. "ನಮ್ಮಕ್ಕ ಕೈ ಮುರುದ್ರೂ ನಿಲ್ನಿಲ್ಲ, ಡಬ್ಬಿ ಒತ್ಕೊಂಡು ನಡ್ಕೊಂಡು ಬಂದ್ಲು" ಎಂದು. ಬಸುರಿಯರನ್ನು ಅವಳೇ ಕೈಹಿಡಿದು ನನ್ನ ಹತ್ತಿರ ಕರೆತರುತ್ತಿದ್ದಳು. ಯಾರೂ ಈಗ ನನ್ನನ್ನು ಕಂಡು ಓಡಿಹೋಗುತ್ತಿರಲಿಲ್ಲ. ನಾನು ಆ ನಳಿಗೆಯಿಂದ ಎಷ್ಟೋ ಮಕ್ಕಳನ್ನು ಅಳಿಸಿದೆ. ಪ್ರತಿ ಸಲ ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ನಾನು ಹೊರಡುವಾಗ ಮೊದಲಿನ ಹಾಗೇ ಕೇಳುತ್ತಿದ್ದಳು, ಮತ್ತೆ ಬತ್ತೀಯಲ್ಲಾ ಅಕ್ಕಾ, ಎಂದು. ಆ ಮಾತು ಕೇಳಿದಾಗಲೆಲ್ಲ ನಾನು ಬೇಗ ಬೇಗ ಪೆಡಲ್ ತುಳಿದು ಹೊರಟುಬಿಡುತ್ತಿದ್ದೆ.

ಎಂಬತ್ತರ ದಶಕದ ನಡುವೆ ನನಗೆ ಅಟ್ಟೂರಿನ ಕಡೆಗೆ ವರ್ಗವಾಯಿತು. ಹೇಳಿಹೋಗಲು ಅವಳ ಮನೆಗೆ ಹೋದೆ. ಅವರೆಕಾಯಿಯ ಕಾಲ. ಅವಳು ಅಂಗಳದಲ್ಲಿ ಮೊರ ಮುಂದಿಟ್ಟುಕೊಂಡು ಕಾಯಿ ಸುಲಿಯುತ್ತಿದ್ದಳು. ನಾನೂ ಕೂತು ಸುಲಿದೆ. ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಹೇಳಿದೆ. ಒಂದೇ ಟೈರು ಬಂದದ್ದು, ಹಿಂದಕ್ಕೆ ಹಾಕಿಸಿದ್ದು, ಮುಂದಕ್ಕೆ ಹಾಕಿಸಿದ್ದರೆ ಅವತ್ತು ಬೀಳುತ್ತಿರಲಿಲ್ಲ ಎಂಬುದು, ಎಲ್ಲ.

ಅವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ಬಾರ ಇರಾದು ಇಂದ್ಗಡೆ ಅಲ್ವಾ ಅಕ್ಕಾ. ನಾನಾಗಿದ್ರೂ ಇಂದಕ್ಕೇ ಆಕುಸ್ತಿದ್ದೆ."

ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಅವಳು ನನಗೆ ಒಂದು ಬಾಗಿಲು ತೆಗೆದುಕೊಟ್ಟಿದ್ದಳು, ಸುಮ್ಮನೆ ಎದ್ದು ಬರಬಹುದಾಗಿತ್ತು. ಆದರೆ ಅರ್ಧ ಹೇಳಿ ಕ್ಷಮೆ ತೆಗೆದುಕೊಂಡರೆ ಅದೂ ಒಂದು ಕಳ್ಳತನವೇ ಅನ್ನಿಸಿತು.

"ಸಾಬರು ಮುಂದಕ್ಕ ಹಾಕಸ್ರಿ ಅಂತ ಹೇಳಿದ್ದರು. ಇದೇ ಕಾರಣ ಹೇಳಿದ್ದರು. ನಾನ ಕೇಳಲಿಲ್ಲ" ಎಂದೆ.

ಅವಳ ಕೈ ನಿಂತಿತು. ಸಿಪ್ಪೆ ಬೆರಳಲ್ಲೇ ಇತ್ತು. ನನ್ನ ಕಡೆ ನೋಡಲಿಲ್ಲ. ಮೊರದ ಕಡೆಗೂ ನೋಡಲಿಲ್ಲ. ಬೇಲಿಯ ಆಚೆ ಯಾರದೋ ಮನೆಯ ಮಗುವೊಂದು ಕೋಳಿಯನ್ನು ಅಟ್ಟಿಸಿಕೊಂಡು ಓಡುತ್ತಿತ್ತು, ಅದನ್ನು ನೋಡುತ್ತಿದ್ದಳು. ನಾನೇ ಅಳಿಸಿದ ಮಗು ಅದು. ಅದು ಮನೆಯ ಹಿಂದೆ ಮರೆಯಾದ ಮೇಲೆ ಮತ್ತೆ ಸುಲಿಯತೊಡಗಿದಳು.

ಹೊರಟಾಗ ಸುಲಿದ ಕಾಳನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು. ಎಂದಿನಂತೆ ಬಾಗಿಲವರೆಗೆ ಬಂದಳು. ನಾನು ಗಂಟನ್ನು ಮುಂದಿನ ಸ್ಟ್ಯಾಂಡಿನಲ್ಲಿ ಡಬ್ಬಿಯ ಮೇಲೆ ಇಟ್ಟು, ಸೈಕಲ್ ಹಿಡಿದು ನಿಂತೆ. ಅವಳು ಕೇಳುತ್ತಾಳೆಂದು ಕಾದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಇಷ್ಟು ವರ್ಷದಲ್ಲಿ ಮೊದಲ ಸಲ, ಮತ್ತೆ ಬತ್ತೀಯಾ ಎಂದು ಕೇಳಲಿಲ್ಲ.

ನಾನು ಹತ್ತಿ ಹೊರಟೆ. ತಿರುವಿನಲ್ಲಿ ಲಾರಿಯ ಜಲ್ಲಿ ದಪ್ಪಗೆ ಬಿದ್ದಿತ್ತು. ಸೈಕಲ್ ಸ್ವಲ್ಪವೂ ಜಾರಲಿಲ್ಲ.